ಇನ್ನೂ ಓದುವುದು ಏತಕ್ಕೆ?

ಮದುವೆಯಾಗಲಿ, ಉಪನಯನವಾಗಲಿ, ನಮ್ಮ ಕಡೆಯ ಮನೆಗಳಲ್ಲಿ ನಾಲ್ಕು ಮಂದಿ ನೆಂಟರು ಕೂಡಿದಲ್ಲಿ ಓದುವ ಮಕ್ಕಳಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಹತ್ತನೆಯ ತರಗತಿಯ ಹುಡುಗನನ್ನು "ಮುಂದೆ ಎಂತ ಓದುತ್ತೀ?" ಎಂದು ವಿಚಾರಿಸುವ ಹಿರಿಯರೇ, ಇಪ್ಪತ್ತೈದು ದಾಟಿದವರನ್ನು ಕಂಡಾಗ "ಇನ್ನೂ ಓದುತ್ತಿದ್ದೀಯಾ?" ಎನ್ನುತ್ತಾರೆ. ಮೊದಲನೆಯ ಪ್ರಶ್ನೆಯಲ್ಲಿ ಹಾರೈಕೆಯಿದೆ. ಎರಡನೆಯದರಲ್ಲಿರುವುದು ಮರುಕವೋ ಅಸಹನೆಯೋ ಹೇಳುವುದು ಕಷ್ಟ. ಕೇಳಿದವರು ಮರುಕ್ಷಣ ಮರೆತು ಊಟಕ್ಕೆ ಏಳುತ್ತಾರೆ. ಕೇಳಿಸಿಕೊಂಡವರು ಅದನ್ನು ಮನೆಗೆ ಹೊತ್ತೊಯ್ಯುತ್ತಾರೆ.

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಅಣ್ಣನ ಮಗಳು ಒದ್ದೆ ಕೊಡೆಯನ್ನು ಜಗಲಿಯಲ್ಲಿ ಒರಗಿಸಿ, ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುವ ಮೊದಲೇ, "ಅತ್ತೇ, ಎನಗೆ ಸಾಕಾತು" ಎಂದಳು. ಕನ್ನಡ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ನೋಂದಾಯಿಸಿಕೊಂಡ ಮೂರನೆಯ ವರ್ಷ ಅವಳಿಗದು. ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ಸಂಶೋಧನ ವೇತನ ಮಾತ್ರ ಕೆಲವೇ ಅಂಕಗಳಿಂದ ಕೈತಪ್ಪಿತ್ತು. ಜತೆಯಲ್ಲಿ ಕಲಿತವರು ಮಂಗಳೂರು, ಬೆಂಗಳೂರುಗಳಲ್ಲಿ ಸಂಪಾದನೆಗೆ ತೊಡಗಿದ್ದರು. ಅವಳಿಗೂ ಮಂಗಳೂರಿನ ಕಚೇರಿಯೊಂದರಿಂದ ಕರೆ ಬಂದಿತ್ತು. ಮನೆಯಲ್ಲಿ ಜಾತಕದ ಮಾತು ಆರಂಭವಾಗಿತ್ತು. ಮುಂದುವರಿಸುವುದೋ ಬಿಡುವುದೋ ನಾವೇ ಹೇಳಬೇಕೆಂದು ಅವಳು ಪಟ್ಟು ಹಿಡಿದಾಗ, ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಆ ಸಂಜೆ ಹೇಳಲಾಗದೆ ಹೋದುದನ್ನು, ಇಂಥದೇ ಪ್ರಶ್ನೆಯನ್ನು ಎದುರಿಸುತ್ತಿರುವ ಇತರ ಮನೆಗಳಿಗೂ ಉಪಯೋಗವಾಗಲೆಂದು, ಇಲ್ಲಿ ಬರೆಯುತ್ತಿದ್ದೇವೆ.

ಹೊಟ್ಟೆಪಾಡು ಕೀಳಲ್ಲ

ಉನ್ನತ ವ್ಯಾಸಂಗದ ಮಾತು ಬಂದೊಡನೆ ಜ್ಞಾನದಾಹ, ಸರಸ್ವತಿಯ ಸೇವೆ ಎಂದು ದೊಡ್ಡ ಮಾತುಗಳನ್ನು ಆಡುವುದು ವಾಡಿಕೆ. ನಾವು ಹಾಗೆ ಆರಂಭಿಸಲಾರೆವು. ಕಾಲೇಜಿನ ಮೆಟ್ಟಿಲು ಹತ್ತುವವರಲ್ಲಿ ಹೆಚ್ಚಿನವರು ಉದ್ಯೋಗಕ್ಕಾಗಿ ಹತ್ತುತ್ತಾರೆ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ತಾಯಿ ಬೀಡಿ ಕಟ್ಟಿ ಗಳಿಸಿದ ಹಣದಲ್ಲಿ ಓದಿ ಪದವೀಧರನಾದ ಹುಡುಗನಿಗೆ ಸಂಬಳವೇ ಮೊದಲ ಗುರಿಯಾದರೆ, ಅದು ತಾಯಿಯ ಬೆರಳುಗಳಿಗೆ ಅವನು ಸಲ್ಲಿಸುವ ಗೌರವ. ನಾಲ್ಕು ಕಳಸಿಗೆ ಅಡಕೆಯ ಬೆಲೆ ಏರಿಳಿದಂತೆ ಮನೆಯ ನೆಮ್ಮದಿಯೂ ಏರಿಳಿಯುವುದನ್ನು ಕಂಡು ಬೆಳೆದ ಹುಡುಗಿ, ತಿಂಗಳು ತಿಂಗಳು ಕೈಗೆ ಬರುವ ವೇತನವನ್ನು ಬಯಸಿದರೆ ಅದು ಲೋಭವಲ್ಲ.

ಉದ್ಯೋಗದ ಜತೆಗೆ ಬೇರೆ ಕಾರಣಗಳೂ ಇವೆ. ತಂದೆಗೆ ಸಿಗದ ಪದವಿ ಮಗನಿಗೆ ಸಿಗಬೇಕೆಂಬ ಮನೆತನದ ಆಸೆ ಒಂದು. ಮದುವೆಯನ್ನು ಎರಡು ವರ್ಷ ಮುಂದೂಡಲು ಹುಡುಗಿಯರಿಗಿರುವ ಮರ್ಯಾದೆಯ ದಾರಿ ಇನ್ನೊಂದು. ಕೆಲಸ ಸಿಗುವ ತನಕ ಸುಮ್ಮನೆ ಕುಳಿತಿದ್ದಾನೆ ಎನಿಸಿಕೊಳ್ಳಬಾರದೆಂದು ಎಂ.ಎ. ಸೇರಿದವರನ್ನೂ ನಾವು ಬಲ್ಲೆವು. ಇವೆಲ್ಲ ಒಳಗೆ ಪ್ರವೇಶಿಸುವ ಕಾರಣಗಳು. ಒಳಗೆ ಹೋದ ಮೇಲೆ, ನಾಲ್ಕನೆಯ ವರ್ಷವೋ ಆರನೆಯ ವರ್ಷವೋ, ಇವು ಒಂದೊಂದಾಗಿ ಬತ್ತುತ್ತವೆ. ಆಗ ಉಳಿಯುವುದಕ್ಕೆ ಬೇರೊಂದು ಕಾರಣ ಬೇಕಾಗುತ್ತದೆ. ನಮ್ಮ ಹುಡುಗಿಗೆ ಮೊದಲ ಕಾರಣ ಬತ್ತಿತ್ತು. ಎರಡನೆಯದು ಇದೆಯೋ ಇಲ್ಲವೋ ಅವಳಿಗೆ ತಿಳಿದಿರಲಿಲ್ಲ.

ಗಡಿ ತಂದ ದೂರ

ಗಡಿಯಾಚೆಯ ಕನ್ನಡಿಗರಿಗೆ ಈ ಎರಡನೆಯ ಕಾರಣ ತುಸು ಹೆಚ್ಚೇ ಬೇಕಾಗುತ್ತದೆ. ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಲದಲ್ಲಿ ಇಲ್ಲಿಯ ಹುಡುಗರಿಗೆ ಕಾಲೇಜು ಎಂದರೆ ಮಂಗಳೂರು. 1868ರಲ್ಲಿ ಆರಂಭವಾದ ಸರಕಾರೀ ಕಾಲೇಜು, 1880ರ ಸಂತ ಅಲೋಶಿಯಸ್, ಹೆಣ್ಣುಮಕ್ಕಳಿಗೆ 1921ರ ಸಂತ ಆಗ್ನೆಸ್. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಮರುವರ್ಷವೇ ಕಾಸರಗೋಡಿನಲ್ಲಿ ಸರಕಾರೀ ಕಾಲೇಜು ತೆರೆಯಿತು. ಅದು ಎಷ್ಟು ಕನ್ನಡ ಮನೆಗಳಿಗೆ ಮೊದಲ ಪದವೀಧರರನ್ನು ಕೊಟ್ಟಿತೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದರ ಮೇಲಿನ ವ್ಯಾಸಂಗಕ್ಕೆ ರಾಜಧಾನಿಯತ್ತ ನೋಡಿದರೆ ತಿರುವನಂತಪುರ ಐನೂರು ಕಿಲೋಮೀಟರಿಗೂ ಆಚೆ. ಕಲ್ಲಿಕೋಟೆಯ ವಿಶ್ವವಿದ್ಯಾನಿಲಯ 1968ರಲ್ಲಿ, ಕಣ್ಣೂರಿನದು 1996ರಲ್ಲಿ ಬಂದವು. ಆ ಕಡೆ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದ ಮಂಗಳಗಂಗೋತ್ರಿ 1980ರಲ್ಲಿ ಸ್ವತಂತ್ರ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದೇ ವರ್ಷ ಮಂಜೇಶ್ವರದಲ್ಲಿ ಗೋವಿಂದ ಪೈಗಳ ಹೆಸರಿನ ಸರಕಾರೀ ಕಾಲೇಜು ಹುಟ್ಟಿತು. 2009ರಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ನಮ್ಮ ಜಿಲ್ಲೆಗೇ ಬಂದಿತು.

ಹೀಗೆ ಬಾಗಿಲುಗಳು ಹೆಚ್ಚಿದವು; ಗಡಿ ಮಾತ್ರ ಅಲ್ಲೇ ಉಳಿಯಿತು. ತಲಪಾಡಿಯ ಆಚೆ ಪಡೆದ ಪದವಿಗೆ ಈಚೆ ಸಮಾನತಾ ಪತ್ರ ಬೇಕಾಗುವುದುಂಟು. ಈಚೆ ಓದಿದವರಿಗೆ ಆಚೆ ಸ್ಥಳೀಯರೆಂಬ ಮೀಸಲಾತಿ ದೊರೆಯುವುದು ಸುಲಭವಲ್ಲ. 2020ರ ಮಾರ್ಚಿಯಲ್ಲಿ ರೋಗಭಯದಿಂದ ಗಡಿಯ ದಾರಿಗಳಿಗೆ ಮಣ್ಣು ಸುರಿದಾಗ, ದಿನನಿತ್ಯ ಮಂಗಳೂರಿಗೆ ಹೋಗಿಬರುತ್ತಿದ್ದ ನಮ್ಮ ಮಕ್ಕಳಿಗೆ ತಮ್ಮ ಕಾಲೇಜು ಪರರಾಜ್ಯದಲ್ಲಿದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಹೊಡೆದಂತೆ ಕಂಡಿತು. 2021ರಲ್ಲೂ ಪರೀಕ್ಷಾ ಪತ್ರ ಹಿಡಿದು ತಪಾಸಣೆಗೆ ನಿಲ್ಲಬೇಕಾಯಿತು. ಐವತ್ತು ಕಿಲೋಮೀಟರಿನ ದಾರಿ ಅದು. ಆದರೆ ಆ ದಿನಗಳಲ್ಲಿ ಓದನ್ನು ಬಿಟ್ಟವರಿಗೆ ತಿರುವನಂತಪುರಕ್ಕಿಂತಲೂ ದೂರವಾಯಿತು.

ಪದವಿ ತಪ್ಪಿದವರು, ಓದು ಬಿಡದವರು

ಉಳಿಯುವ ಕಾರಣ ಎಂಥದಿರಬಹುದು ಎಂದು ಯೋಚಿಸಿದಾಗ ನಮ್ಮ ಮಣ್ಣಿನವರೇ ಕೆಲವರು ಕಣ್ಣ ಮುಂದೆ ನಿಂತರು.

ಮಂಜೇಶ್ವರದ ಗೋವಿಂದ ಪೈಗಳು (1883-1963) ಬಿ.ಎ. ಓದಲು ಮದರಾಸಿಗೆ ಹೋದವರು. ತಂದೆಯ ಕಾಯಿಲೆಯ ಸುದ್ದಿ ಬಂದು ಅಂತಿಮ ಪರೀಕ್ಷೆಯನ್ನು ಪೂರೈಸದೆ ಊರಿಗೆ ಮರಳಿದರು. ಮತ್ತೆ ಪದವಿಗಾಗಿ ಹೋಗಲಿಲ್ಲ. ಆದರೆ ಓದು ನಿಲ್ಲಲಿಲ್ಲ. ಮನೆಯಲ್ಲೇ ಗ್ರಂಥಭಂಡಾರ ಕಟ್ಟಿಕೊಂಡು, ಭಾಷೆಯ ಮೇಲೆ ಭಾಷೆ ಕಲಿಯುತ್ತ, ಶಾಸನಗಳನ್ನೂ ಕಾಲನಿರ್ಣಯವನ್ನೂ ಶೋಧಿಸುತ್ತ ಕುಳಿತರು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ನೀಡಿತು. 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಬಿ.ಎ. ಇಲ್ಲದ ಆ ಮನೆಯ ಬಾಗಿಲಿಗೆ ವಿದ್ವಾಂಸರು ಸಂಶಯ ಪರಿಹಾರಕ್ಕಾಗಿ ಬರುತ್ತಿದ್ದರು.

ಸಾರಾ ಅಬೂಬಕ್ಕರ್ (1936-2023) ಅವರದು ಬೇರೆ ಬಗೆ. ಕಾಸರಗೋಡಿನ ಮುಸ್ಲಿಮ್ ಮನೆಯ ಹುಡುಗಿ ಕನ್ನಡ ಮಾಧ್ಯಮದಲ್ಲಿ ಪ್ರೌಢಶಾಲೆಯ ತನಕ ಓದಿದ್ದೇ ಆ ಕಾಲಕ್ಕೆ ದೊಡ್ಡದು. ಮುಂದೆ ಓದುವ ಆಸೆಗೆ ಸಮಾಜದ ಕಟ್ಟಳೆ ಅಡ್ಡಬಂದಿತು, ಮದುವೆಯಾಯಿತು, ಸಂಸಾರವಾಯಿತು. ಗ್ರಂಥಾಲಯದ ಸದಸ್ಯತ್ವ ದೊರೆತದ್ದೇ 1963ರಲ್ಲಿ. ಆ ಪುಸ್ತಕಗಳೇ ಅವರಿಗೆ ಕಾಲೇಜಾದವು. ನಲವತ್ತೈದರ ಆಸುಪಾಸಿನಲ್ಲಿ ಬರೆಯತೊಡಗಿ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯನ್ನು ಕೊಟ್ಟರು. ಕಾಲೇಜಿಗೆ ಹೋಗಲಾಗದ ಆ ಲೇಖಕಿಗೆ 2008ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು.

ಕಾರಡ್ಕದ ಕೆ. ವಿ. ತಿರುಮಲೇಶ್ (1940-2023) ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರಾಗಿ ನೆಲೆನಿಂತಿದ್ದವರು. ಅಷ್ಟಕ್ಕೆ ತೃಪ್ತರಾಗದೆ ಹೈದರಾಬಾದಿಗೆ ಹೋಗಿ ಭಾಷಾವಿಜ್ಞಾನವೆಂಬ ಬೇರೊಂದು ಶಾಸ್ತ್ರವನ್ನು ಮೊದಲಿನಿಂದ ಕಲಿತರು, ಅದನ್ನೇ ಕಲಿಸಿದರು. ಪುಂಡೂರಿನ ವೆಂಕಟರಾಜ ಪುಣಿಂಚತ್ತಾಯರು (1936-2012) ಶಾಲಾ ಅಧ್ಯಾಪಕರಾಗಿದ್ದುಕೊಂಡೇ ತಾಡವೋಲೆಗಳ ತುಳು ಲಿಪಿಯನ್ನು ಓದಲು ಕಲಿತು, 'ಶ್ರೀ ಭಾಗವತೊ'ದಂಥ ಪ್ರಾಚೀನ ತುಳು ಕಾವ್ಯಗಳನ್ನು ಬೆಳಕಿಗೆ ತಂದರು.

ಈ ನಾಲ್ವರ ಬದುಕಿನಲ್ಲಿ ಸಮಾನವಾದ ಒಂದು ಸಂಗತಿಯಿದೆ. ಓದನ್ನು ಮುಂದುವರಿಸಬೇಕೆಂದು ಅವರನ್ನು ಯಾರೂ ಒತ್ತಾಯಪಡಿಸಿರಲಿಲ್ಲ. ತಿಳಿಯದ ಒಂದು ವಿಷಯ ಎದುರಿಗಿತ್ತು. ಅದನ್ನು ತಿಳಿಯದೆ ಇರುವುದು ಅವರಿಂದಾಗಲಿಲ್ಲ.

ಒಂದು ಮಾತು ನಮ್ಮನ್ನು ಹಿಡಿದು ನಿಲ್ಲಿಸಿದ್ದು

ಅವರು ದೊಡ್ಡವರು, ನಮ್ಮಂಥವರ ಮಾತೇನು ಎಂದು ಓದುಗರು ಕೇಳಬಹುದು. ಆದ್ದರಿಂದ ಸಣ್ಣವರ ಕಥೆಯನ್ನೂ ಹೇಳಬೇಕಾಗಿದೆ.

ನಾವು ಬಿ.ಎ. ಮುಗಿಸಿ, ಅಧ್ಯಾಪನ ತರಬೇತಿ ಪಡೆದು ಶಾಲೆಗೆ ಸೇರಿದವರು. ಮದುವೆ, ಇಬ್ಬರು ಮಕ್ಕಳು, ಅತ್ತೆ ಮಾವಂದಿರ ಸೇವೆ, ಹಟ್ಟಿಯಲ್ಲಿ ದನ. 1990ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ತೆರಪಿನ ಶಿಕ್ಷಣಕ್ಕೆ ಕನ್ನಡ ಎಂ.ಎ.ಗಾಗಿ ಹಣ ಕಟ್ಟಿದೆವು. ಕಾರಣ ಸ್ಪಷ್ಟವಾಗಿತ್ತು: ಬಡ್ತಿ. ಪಾಠದ ಕಟ್ಟುಗಳು ಅಂಚೆಯಲ್ಲಿ ಬಂದವು. ಮೊದಲ ಕಟ್ಟನ್ನು ಬಿಚ್ಚದೆಯೇ ಅಟ್ಟಕ್ಕೆ ಹಾಕಿ ಮೂರು ತಿಂಗಳು ಕಳೆದೆವೆಂಬುದನ್ನು ಇಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳಗನ್ನಡ ವ್ಯಾಕರಣದ ಪಾಠವನ್ನು ತೆರೆದಾಗ ಸರ್ವನಾಮಗಳ ಪಟ್ಟಿಯಲ್ಲಿ 'ಆನ್' ಇತ್ತು, 'ಎನಗೆ' ಇತ್ತು.

ಹವ್ಯಕ ಮನೆಗಳ ಓದುಗರಿಗೆ ನಮ್ಮ ಬೆರಗು ಅರ್ಥವಾದೀತು. 'ಆನು', 'ಎನಗೆ' ಎಂಬುದು ನಮ್ಮ ಮನೆಮಾತು. ಮಂಗಳೂರಿನ ತರಬೇತಿಯ ದಿನಗಳಲ್ಲಿ ಬಾಯಿತಪ್ಪಿ 'ಎನಗೆ' ಎಂದಾಗ ಸಹಪಾಠಿಗಳು ನಕ್ಕಿದ್ದರು. ಅಂದಿನಿಂದ ಅದನ್ನು ಹೊಸಿಲಿನ ಒಳಗೇ ಬಿಟ್ಟು ಹೊರಗೆ 'ನನಗೆ' ಎನ್ನಲು ಕಲಿತಿದ್ದೆವು. ನಾವು ಅಶುದ್ಧವೆಂದು ಅಡಗಿಸಿಟ್ಟ ಮಾತು ಹಳಗನ್ನಡದ ಕವಿಗಳ, ಶರಣರ ಮಾತಾಗಿತ್ತು. ಶುದ್ಧ ಕನ್ನಡವೇ ಮುಂದೆ ಸಾಗಿ ಬದಲಾಗಿತ್ತು. ಗಡಿಯ ಮೂಲೆಯ ನಮ್ಮ ಅಡುಗೆಮನೆ ಹಳೆಯದನ್ನು ಉಳಿಸಿಕೊಂಡಿತ್ತು. ಆ ರಾತ್ರಿ ಎಣ್ಣೆ ತೀರುವ ತನಕ ಓದಿದೆವು. ಮರುದಿನ ಅತ್ತೆಯವರ ಒಂದೊಂದು ಮಾತನ್ನೂ ಕಿವಿಗೊಟ್ಟು ಕೇಳಿದೆವು.

ಸಂಪರ್ಕ ತರಗತಿಗಳಿಗಾಗಿ ಚೆರ್ಕಳದಿಂದ ಜಾಲ್ಸೂರು, ಸುಳ್ಯ, ಮಡಿಕೇರಿಗಳ ಮಾರ್ಗವಾಗಿ ಮೈಸೂರಿಗೆ ಹೋದೆವು. ಚಿಕ್ಕ ಮಗುವನ್ನು ತಾಯಿಯ ಬಳಿ ಬಿಟ್ಟು ಹೋದ ಸಂಕಟವೂ ಅದರಲ್ಲಿ ಸೇರಿತ್ತು. ಎಂ.ಎ. ಆಯಿತು. ಬಡ್ತಿ ಬರಲಿಲ್ಲ. ಆದರೆ ನಮ್ಮ ತರಗತಿಯಲ್ಲಿ ಮನೆಮಾತಾಡಿದ ಮಗುವನ್ನು ಮತ್ತೆ ಯಾರೂ ನಗಲಿಲ್ಲ. ತುಳುವಿನ, ಮಲೆಯಾಳದ, ಮರಾಠಿಯ, ಕೊಂಕಣಿಯ ಮಾತು ಬಾಯಿಗೆ ಬಂದರೆ ಅದರ ಹಿಂದಿನ ಕಥೆಯನ್ನು ಹುಡುಕಿ ಹೇಳುತ್ತಿದ್ದೆವು. ಸೇರಿದ ಕಾರಣ ಒಂದು, ಮುಗಿಸಿದ ಕಾರಣ ಇನ್ನೊಂದು. ಎರಡನೆಯದು ಮೊದಲೇ ಗೊತ್ತಿರಲಿಲ್ಲ. ಓದುತ್ತಿರುವಾಗ ಅದು ನಮಗೆ ಸಿಕ್ಕಿತು.

ಮನೆಯವರು ತಿಳಿದಿರಬೇಕಾದ ಸಂಗತಿ

ಆ ಕಾರಣ ಸಿಗುವ ತನಕ ಕಾಯಲು ಸಮಯ ಬೇಕು, ಹಣ ಬೇಕು. ಎಷ್ಟೋ ಮನೆಗಳಲ್ಲಿ ಓದು ನಿಲ್ಲುವುದು ಬೇಸರದಿಂದಲ್ಲ, ನಿಯಮಗಳ ಅರಿವಿಲ್ಲದೆ. ಕೆಲವನ್ನಾದರೂ ಇಲ್ಲಿ ಹೇಳುತ್ತೇವೆ.

ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಅವಧಿ. ಮರುನೋಂದಣಿಯಿಂದ 2 ವರ್ಷ ಹೆಚ್ಚಿಗೆ ದೊರೆಯಬಹುದು. ಮಹಿಳೆಯರಿಗೆ ಅದಕ್ಕೂ ಮೇಲೆ ಇನ್ನೆರಡು ವರ್ಷದ ವಿನಾಯಿತಿಗೆ ಅವಕಾಶವಿದೆ. ಹೆರಿಗೆ ಮತ್ತು ಶಿಶುಪಾಲನೆಗಾಗಿ ಒಟ್ಟು 240 ದಿನಗಳ ತನಕ ರಜೆ ಕೊಡಬಹುದು. ಉದ್ಯೋಗದಲ್ಲಿರುವವರು, ಸಂಸ್ಥೆಯ ಒಪ್ಪಿಗೆ ಪತ್ರದೊಂದಿಗೆ, ಅರೆಕಾಲಿಕವಾಗಿ ಸಂಶೋಧನೆ ನಡೆಸುವುದಕ್ಕೂ ಆ ನಿಯಮಾವಳಿಯಲ್ಲಿ ಎಡೆಯಿದೆ. ಎಂದರೆ ಮದುವೆಯೋ ಪಿಎಚ್.ಡಿ.ಯೋ, ಕೆಲಸವೋ ಓದೋ ಎಂದು ಎರಡರಲ್ಲಿ ಒಂದನ್ನು ಆರಿಸಲೇಬೇಕೆಂಬ ಕಟ್ಟುಪಾಡು ಕಾನೂನಿನದಲ್ಲ, ನಮ್ಮದು.

ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನ ವೇತನಕ್ಕೆ ಆಯ್ಕೆಯಾದವರಿಗೆ 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ. ಕನ್ನಡವೂ ಆ ಪರೀಕ್ಷೆಯ ವಿಷಯಗಳಲ್ಲೊಂದು. ಒಮ್ಮೆ ತಪ್ಪಿದವರು ವಯೋಮಿತಿಯೊಳಗೆ ಮತ್ತೆ ಬರೆಯಬಹುದು. ಮಹಿಳೆಯರಿಗೆ ವಯೋಮಿತಿಯಲ್ಲಿ 5 ವರ್ಷದ ಸಡಿಲಿಕೆಯಿದೆ. ನಮ್ಮ ಜಿಲ್ಲೆಯಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ಕೇರಳ ಲೋಕಸೇವಾ ಆಯೋಗ ಕನ್ನಡ ಮತ್ತು ಮಲೆಯಾಳ ಎರಡೂ ಬಲ್ಲವರಿಗಾಗಿಯೇ ಕೆಲವು ಹುದ್ದೆಗಳನ್ನು ಪ್ರತ್ಯೇಕವಾಗಿ ಕರೆಯುತ್ತದೆ. ಕನ್ನಡ ಓದಿದವರಿಗೆ ಬಾಗಿಲೇ ಇಲ್ಲವೆಂಬ ಮಾತು ಪೂರ್ಣ ಸತ್ಯವಲ್ಲ. ಆಚೆಯ ವಿಶ್ವವಿದ್ಯಾನಿಲಯಕ್ಕೆ ಸೇರುವವರು ಮಾತ್ರ, ಆ ಪದವಿಗೆ ಈಚೆ ಸಮಾನತೆ ಇದೆಯೇ ಎಂಬುದನ್ನು ಸೇರುವ ಮೊದಲೇ ವಿಚಾರಿಸುವುದು ಜಾಣತನ.

ನಿಲ್ಲಿಸುವುದೂ ಒಂದು ನಿರ್ಧಾರ

ಇಷ್ಟೆಲ್ಲ ಹೇಳಿದೆವೆಂದು ಎಲ್ಲರೂ ಓದುತ್ತಲೇ ಇರಬೇಕೆಂಬುದು ನಮ್ಮ ವಾದವಲ್ಲ. ತಂದೆಯ ಹಟಕ್ಕಾಗಿ, ನೆರೆಮನೆಯವರ ಮಗನಿಗೆ ಸಾಟಿಯಾಗಲೆಂದು, ನಿರುದ್ಯೋಗವನ್ನು ಮರೆಮಾಚಲೆಂದು ಓದುತ್ತಿರುವವರು ನಿಲ್ಲಿಸಿದರೆ ಅದು ಸೋಲಲ್ಲ. ಮನಸ್ಸಿಲ್ಲದ ಸಂಶೋಧನೆಯಲ್ಲಿ ಆರು ವರ್ಷ ಕಳೆಯುವುದಕ್ಕಿಂತ ಮನಸ್ಸಿಟ್ಟು ತೋಟ ನೋಡಿಕೊಳ್ಳುವುದು ಮೇಲು. ಆದರೆ ನಿಲ್ಲಿಸುವವರು ಯಾವುದರಿಂದ ದಣಿದಿದ್ದೇವೆ ಎಂಬುದನ್ನು ತಮ್ಮನ್ನೇ ಕೇಳಿಕೊಳ್ಳಬೇಕು. ಓದಿನಿಂದಲೋ, ಅಥವಾ ಓದಿನ ಸುತ್ತಲಿನ ಮಾತುಗಳಿಂದಲೋ? ಎರಡನೆಯದಾದರೆ ಮದ್ದು ಬೇರೆ, ಮತ್ತು ಅದು ಮನೆಯವರ ಕೈಯಲ್ಲಿದೆ. "ಓದು ಯಾವಾಗ ಮುಗಿಯುತ್ತದೆ?" ಎಂದು ಕೇಳುವ ಬದಲು "ಈಗ ಏನು ಓದುತ್ತಿದ್ದೀ, ನಮಗೂ ಸ್ವಲ್ಪ ಹೇಳು" ಎಂದು ಕೇಳುವುದಕ್ಕೆ ಕಾಸು ಖರ್ಚಿಲ್ಲ.

ನಾವು ಆ ಸಂಜೆ ಕೊನೆಗೂ ಕೇಳಿದ್ದು ಅದನ್ನೇ. ಮೂರು ವರ್ಷಗಳಲ್ಲಿ ಅವಳ ವಿಷಯವೇನೆಂದು ನಾವೂ ಸರಿಯಾಗಿ ಕೇಳಿರಲಿಲ್ಲವೆಂಬುದು ಆಗ ಹೊಳೆದು ನಾಚಿಕೆಯಾಯಿತು. ಕಾಸರಗೋಡಿನ ಕನ್ನಡದಲ್ಲಿ ನೀರಿಗೆ ಸಂಬಂಧಿಸಿದ ಮಾತುಗಳು ಅವಳ ವಿಷಯ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗ, ಮಳೆನೀರು ನಿಲ್ಲುವ ಮದಕ, ಬೇಸಗೆಯಲ್ಲಿ ತೋಡಿಗೆ ಹಾಕುವ ಕಟ್ಟ, ನೀರು ಹಾಯಿಸುವ ಅಡಕೆಮರದ ದಂಬೆ. ಕೊಳವೆಬಾವಿ ಬಂದ ಮೇಲೆ ಸುರಂಗ ತೋಡುವವರು ವಿರಳರಾದರು; ಕೆಲಸ ಹೋದಂತೆ ಕೆಲಸದ ಮಾತೂ ಹೋಗುತ್ತದೆ. ಹೇಳುತ್ತ ಹೇಳುತ್ತ ಅವಳ ಕಾಫಿ ತಣ್ಣಗಾಯಿತು. ಸುರಂಗ ತೋಡುವುದರಲ್ಲಿ ಪಳಗಿದ ಹಿರಿಯರೊಬ್ಬರು ಅವಳಿಗೆ ಎರಡು ದಿನ ಕುಳಿತು ಮಾತು ಹೇಳಿಕೊಟ್ಟಿದ್ದರಂತೆ. ಒಳಗಿನ ಕಲ್ಲಿನ ಬಗೆಗಳಿಗೆ, ದೀಪ ಕುಗ್ಗಿದಾಗ ಗಾಳಿ ಸಾಲದೆಂದು ಕೊಡುವ ಎಚ್ಚರಿಕೆಗೆ, ನೀರು ಹತ್ತಿರವಾದುದನ್ನು ಸೂಚಿಸುವ ತೇವಕ್ಕೆ ಬೇರೆ ಬೇರೆ ಹೆಸರುಗಳಿದ್ದವು. ಉಳಿದುದನ್ನು ಮಳೆ ಕಳೆದು ಹೇಳುತ್ತೇನೆಂದಿದ್ದರು. ಮಳೆ ಕಳೆಯುವ ಮೊದಲೇ ಅವರು ತೀರಿಕೊಂಡರು. ಅವಳು ಓದು ಬಿಡುವ ಯೋಚನೆ ಮಾಡಿದ್ದು ಆ ಸಾವಿನ ಅನಂತರವೇ ಎಂಬುದನ್ನು ಅಂದು ಮೊದಲ ಬಾರಿಗೆ ಬಾಯಿಬಿಟ್ಟಳು. "ಎನ್ನ ಪುಸ್ತಕಲ್ಲಿ ಅರ್ಧ ಮಾತು ಮಾತ್ರ ಇಪ್ಪದು" ಎಂದಳು.

ನಾವು ಮುಂದುವರಿಸು ಎನ್ನಲಿಲ್ಲ, ಬಿಡು ಎಂದೂ ಹೇಳಲಿಲ್ಲ. ಅಣ್ಣನೊಡನೆ ಮಾತ್ರ ಮಾತಾಡಿದೆವು. ಅವಧಿಯ ನಿಯಮಗಳನ್ನು ವಿವರಿಸಿದೆವು. ಜಾತಕದ ಮಾತನ್ನು ಒಂದು ವರ್ಷ ಅವಳ ಎದುರು ಎತ್ತುವುದಿಲ್ಲವೆಂದು ಅವನು ಒಪ್ಪಿಕೊಂಡ. ಮಂಗಳೂರಿನ ಕಚೇರಿಯ ಕೆಲಸವನ್ನು ಅವಳು ಈ ಬಾರಿ ಬಿಟ್ಟಳು. ಆ ಸಂಬಳ ಇಲ್ಲದ ಕೊರತೆ ಮನೆಯಲ್ಲಿ ಕಾಣುತ್ತಿದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ನೆಟ್ ಪರೀಕ್ಷೆಗೆ ಮತ್ತೊಮ್ಮೆ ಓದುತ್ತಿದ್ದಾಳೆ. ಮೊನ್ನೆ ಎಣ್ಮಕಜೆಯ ಕಡೆಗೆ ಹೋಗಿ, ಸುರಂಗ ತೋಡುತ್ತಿದ್ದ ಇನ್ನೊಬ್ಬ ಹಿರಿಯರನ್ನು ಕಂಡು ಬಂದಳು. ಜಗಲಿಯಲ್ಲಿ ಕುಳಿತು ಪುಸ್ತಕ ತೆರೆದು ಹೊಸದಾಗಿ ಸಿಕ್ಕಿದ ಮಾತುಗಳನ್ನು ಓದಿ ಹೇಳಿದಳು. ಹನ್ನೊಂದಿದ್ದವು. ಅವುಗಳಲ್ಲಿ ಎರಡನ್ನು ಕೇಳಿದೊಡನೆ, ಒಳಗೆ ವೀಳ್ಯ ಮೆಲ್ಲುತ್ತಿದ್ದ ನಮ್ಮ ತಾಯಿ, ಅವಳ ಅಜ್ಜಿ, ಅದು ಹಾಗಲ್ಲ ಎಂದು ತಿದ್ದಿ, ಮೂರನೆಯದೊಂದನ್ನು ತಾವೇ ಕೂಡಿಸಿದರು. "ಇನ್ನೂ ಓದುತ್ತಿದ್ದೀಯಾ?" ಎಂದು ಎಲ್ಲರಿಗಿಂತ ಹೆಚ್ಚು ಬಾರಿ ಅವಳನ್ನು ಕೇಳಿದವರು ಅವರೇ. ಈಗ ಅವಳು ಬಂದ ದಿನ ಊಟವಾದ ಮೇಲೆ ಪುಸ್ತಕ ತಾ ಎಂದು ತಾವೇ ಕರೆಯುತ್ತಾರೆ.